ಬೀದಿಯ ನಡುವಿನ ಗೆರೆ

ಮನುಷ್ಯನು ಎಳೆದುಕೊಂಡ ಗೆರೆಗಳಲ್ಲಿ ಕಣ್ಣಿಗೆ ಕಾಣುವವು ಕೆಲವು, ಕಾಣದಿರುವವು ಹಲವು. ಹೊಲದ ಬದು ಕಾಣುತ್ತದೆ, ಬಾಂದುಕಲ್ಲು ಕಾಣುತ್ತದೆ, ಬೆಳಗಿನ ಜಾವ ಅಂಗಳದಲ್ಲಿ ಮೂಡುವ ರಂಗೋಲಿಯ ಎಳೆಯಂತೂ ದಾರಿಹೋಕನ ಕಣ್ಣನ್ನೂ ತಣಿಸುತ್ತದೆ. ಆದರೆ ಪಟ್ಟಣವಾಸಿಯಾದ ಗೃಹಸ್ಥನ ನಿತ್ಯಜೀವನದ ಸುಖದುಃಖಗಳನ್ನು ಸದ್ದಿಲ್ಲದೆ ಹಂಚಿಹಾಕುವ ಗೆರೆಯೊಂದುಂಟು. ಅದನ್ನು ಸುಣ್ಣದಿಂದ ಬರೆದವರಿಲ್ಲ, ಕಲ್ಲಿನಿಂದ ಕಟ್ಟಿದವರಿಲ್ಲ. ಬೀದಿಯ ನಟ್ಟನಡುವೆ ಹಾದುಹೋಗಿ, ಆಚೆಯ ಸಾಲಿನ ಮನೆಗಳನ್ನು ಒಬ್ಬ ಸದಸ್ಯನಿಗೂ ಈಚೆಯ ಸಾಲನ್ನು ಮತ್ತೊಬ್ಬನಿಗೂ ಒಪ್ಪಿಸಿಬಿಡುವ ಆ ಗೆರೆಗೆ ವಾರ್ಡಿನ ಎಲ್ಲೆಯೆಂದು ಹೆಸರು. ಎದುರುಮನೆಯವರೊಡನೆ ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿಕೊಳ್ಳಬಹುದು, ಸಾರಿಗೆ ಒಗ್ಗರಣೆಯ ಸಾಸಿವೆ ಸಾಲ ತರಬಹುದು. ಆದರೆ ಅವರ ಮನೆಯ ಮುಂದಿನ ಚರಂಡಿಯ ಮಾತು ಬಂದರೆ ಅದು ಬೇರೆ ರಾಜ್ಯದ ವಿಷಯ!

ಬೆಂಗಳೂರಿನ ಹುಟ್ಟಿನ ಐತಿಹ್ಯವೂ ಒಂದು ಗೆರೆಯಿಂದಲೇ ಆರಂಭವಾಗುತ್ತದೆ. 1537ರಲ್ಲಿ ಕೆಂಪೇಗೌಡರು ಶುಭಮುಹೂರ್ತದಲ್ಲಿ ನಾಲ್ಕು ಜೊತೆ ಎತ್ತುಗಳನ್ನು ಸಿಂಗರಿಸಿ, ಇಂದಿನ ಚಿಕ್ಕಪೇಟೆ ಮತ್ತು ಅವೆನ್ಯೂ ರಸ್ತೆಗಳು ಕೂಡುವ ಕಡೆಯಿಂದ ನಾಲ್ಕು ದಿಕ್ಕಿಗೂ ಉಳಿಸಿದರೆಂದೂ, ನೇಗಿಲು ಸಾಗಿದ ಸಾಲುಗಳೇ ಪೇಟೆಯ ಬೀದಿಗಳಾದುವೆಂದೂ ಹೇಳುತ್ತಾರೆ. ಊರಿನ ಎಲ್ಲೆಯ ಗುರುತಾಗಿ ನಿಂತವೆಂದು ಜನ ನಂಬುವ ನಾಲ್ಕು ಗಡಿಗೋಪುರಗಳೂ ಇವೆ. ಲಾಲ್‌ಬಾಗಿನ ಬಂಡೆಯ ಮೇಲಿನ ಗೋಪುರವನ್ನು ನೋಡದ ಶಾಲಾಬಾಲಕನಿಲ್ಲ. ಆದರೆ ಆ ಗೋಪುರಗಳು ಇಂದು ನಗರದ ಅಂಚಿನಲ್ಲಿಲ್ಲ, ಅದರ ಹೊಟ್ಟೆಯೊಳಗಿವೆ. ಊರೆಂಬುದು ಬೆಳೆಯುವ ಮಗುವಿನಂತೆ. ಕಳೆದ ಯುಗಾದಿಗೆ ಹೊಲಿಸಿದ ಅಂಗಿ ಈ ಯುಗಾದಿಗೆ ಬಿಗಿಯಾಗುತ್ತದೆ. ದರ್ಜಿಯನ್ನು ಮತ್ತೆ ಮತ್ತೆ ಕರೆಯದೆ ವಿಧಿಯಿಲ್ಲ.

1949ರಲ್ಲಿ ಪೇಟೆ ಮತ್ತು ದಂಡು ಪ್ರದೇಶಗಳ ಎರಡು ಪುರಸಭೆಗಳು ಒಂದಾಗಿ ಬೆಂಗಳೂರು ಕಾರ್ಪೊರೇಷನ್ ರೂಪುಗೊಂಡಿತು. ಆಗ ಇದ್ದುದು 50 ಚುನಾವಣಾ ವಿಭಾಗಗಳು, 70 ಸದಸ್ಯರು. ಮೊದಲ ಚುನಾವಣೆ ನಡೆದದ್ದು 1950ರಲ್ಲಿ. ಅಂದಿನ ಜನಸಂಖ್ಯೆ ಎಂಟು ಲಕ್ಷಕ್ಕೆ ತುಸು ಕಡಿಮೆ. ಆ ಕಾಲದ ಸದಸ್ಯನಿಗೆ ತನ್ನ ವಿಭಾಗದ ಮನೆಮನೆಯ ಯಜಮಾನನ ಹೆಸರು ಗೊತ್ತಿದ್ದರೆ ಆಶ್ಚರ್ಯವಿಲ್ಲ. ಮುಂದೆ ವಾರ್ಡುಗಳು 1989ರಲ್ಲಿ 87 ಆದುವು. 1995ರ ವೇಳೆಗೆ ನೂರು ಮುಟ್ಟಿದುವು. 2007ರಲ್ಲಿ ಸುತ್ತಣ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳು ಕೂಡಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. 2010ರ ಚುನಾವಣೆ ನಡೆದದ್ದು 198 ವಾರ್ಡುಗಳಿಗೆ.

ಗೆರೆಯನ್ನು ಒಮ್ಮೆ ಎಳೆದ ಮೇಲೆ ಅದನ್ನು ಹಾಗೆಯೇ ಬಿಡಬಾರದೆ ಎಂದು ಸಹನಶೀಲನಾದ ಗೃಹಸ್ಥನು ಕೇಳಬಹುದು. ಬಿಟ್ಟರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಓಲ್ಡ್ ಸೇರಮ್ ಎಂಬಲ್ಲಿ ಒಂದು ಕಾಲಕ್ಕೆ ಊರಿತ್ತು. ಕಾಲಕ್ರಮದಲ್ಲಿ ಜನ ಊರು ಬಿಟ್ಟು ಹೋದರು, ಹುಲ್ಲು ಬೆಳೆಯಿತು. ಆದರೆ ಬೆರಳೆಣಿಕೆಯಷ್ಟು ಮತದಾರರ ಹೆಸರಿನಲ್ಲಿ ಆ ಹಾಳುದಿಬ್ಬವು 1832ರವರೆಗೂ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಲೇ ಇತ್ತು. ಅದೇ ವೇಳೆಯಲ್ಲಿ ಗಿರಣಿಗಳಿಂದ ಗಿಜಿಗುಟ್ಟುತ್ತಿದ್ದ ಮ್ಯಾಂಚೆಸ್ಟರಿಗೆ ತನ್ನದೆಂದು ಹೇಳಿಕೊಳ್ಳಲು ಒಬ್ಬ ಸದಸ್ಯನೂ ಇರಲಿಲ್ಲ. ಜನ ನಡೆದುಹೋಗುತ್ತಾರೆ, ಗೆರೆಗೆ ಕಾಲಿಲ್ಲ. ಆದಕಾರಣ ಗೆರೆಯನ್ನು ಮನುಷ್ಯನೇ ಹೊತ್ತು ಜನರ ಬಳಿಗೆ ಒಯ್ಯಬೇಕು.

ಬೆಂಗಳೂರಿನಲ್ಲಿ ನಡೆದದ್ದೂ ಇದರ ಇನ್ನೊಂದು ರೂಪವೇ. 198 ವಾರ್ಡುಗಳನ್ನು ಅಳೆದದ್ದು 2001ರ ಜನಗಣತಿಯ ಕೋಲಿನಿಂದ. ಹತ್ತು ವರ್ಷಗಳ ಬಳಿಕ ಬಂದ 2011ರ ಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ 84 ಲಕ್ಷವನ್ನು ದಾಟಿತ್ತು. ಸಮನಾಗಿ ಹಂಚಿದ್ದರೆ ವಾರ್ಡಿಗೆ ಸುಮಾರು 42,600 ಜನ ಬರಬೇಕಾಗಿತ್ತು. ಆದರೆ ಊರಂಚಿನ ಹೊರಮಾವು ವಾರ್ಡೊಂದರಲ್ಲಿಯೇ ಸುಮಾರು 95,000 ಜನರಿದ್ದರು. ಸರಾಸರಿಯ ಇಮ್ಮಡಿಗೂ ಮಿಗಿಲು! ಎರಡು ವಾರ್ಡಿನ ಜನಕ್ಕೆ ಒಬ್ಬನೇ ಸದಸ್ಯ, ಒಂದೇ ಧ್ವನಿ. ನಗರದ ನಡುವಣ ಹಳೆಯ ಬಡಾವಣೆಯಲ್ಲಿ ಮಕ್ಕಳು ದೊಡ್ಡವರಾಗಿ ಮನೆಬಿಟ್ಟು ಹೋಗಿ ವೃದ್ಧ ದಂಪತಿಗಳು ಮಾತ್ರ ಉಳಿದಿರುವ ಬೀದಿಯನ್ನೂ, ಅಂಚಿನಲ್ಲಿ ನೀರಿನ ಲಾರಿಗಾಗಿ ಕಾದುನಿಂತಿರುವ ಹೊಸ ಸಂಸಾರಗಳ ಬೀದಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಅಂಕಿಯ ಅರ್ಥ ಹೊಳೆಯುತ್ತದೆ. ಯಾರಿಗೆ ನೀರು, ದೀಪ, ರಸ್ತೆಗಳ ಕೊರತೆ ಹೆಚ್ಚೋ ಅವರ ಮತಕ್ಕೆ ತೂಕ ಕಡಿಮೆ. ಒಂದು ಮತಕ್ಕೆ ಒಂದೇ ಬೆಲೆಯೆಂದು ಎಲ್ಲರೂ ಒಪ್ಪಿದ ಮೇಲೆ, ತಕ್ಕಡಿಯ ತಟ್ಟೆಗಳು ಹೀಗೆ ಏರುಪೇರಾಗಬಹುದೆ?

ಗೆರೆ ಎಳೆಯುವ ಕೆಲಸ ದೂರದಿಂದ ಕಾಣುವಷ್ಟು ಸುಲಭವಲ್ಲ. ಜನಗಣತಿಯವರು ಎಣಿಕೆಯ ಅನುಕೂಲಕ್ಕಾಗಿ ಊರನ್ನು ಕೆಲವು ನೂರು ಜನರ ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿರುತ್ತಾರೆ. ಆ ತುಂಡುಗಳನ್ನು ಒಡೆಯದೆ, ಒಂದರ ಪಕ್ಕಕ್ಕೆ ಮತ್ತೊಂದನ್ನು ಜೋಡಿಸುತ್ತ ಹೋಗಿ ವಾರ್ಡು ಕಟ್ಟಬೇಕು. ವಾರ್ಡು ಅಖಂಡವಾಗಿರಬೇಕು, ನಡುವೆ ಕಡಿದುಹೋಗಬಾರದು. ಒಂದು ವಿಧಾನಸಭಾ ಕ್ಷೇತ್ರವನ್ನು ಮೀರಿ ಇನ್ನೊಂದಕ್ಕೆ ಕಾಲಿಡಬಾರದು. ರೈಲುಹಳಿ, ರಾಜಕಾಲುವೆ, ಹೆದ್ದಾರಿಗಳಂಥ ನೆಲದ ಮೇಲಿನ ಎಲ್ಲೆಗಳನ್ನು ಆದಷ್ಟೂ ಅನುಸರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ವಾರ್ಡು ವಾರ್ಡಿಗೂ ಜನಸಂಖ್ಯೆ ಹೆಚ್ಚುಕಡಿಮೆ ಸಮನಾಗಿರಬೇಕು. ಒಂದು ಕಡೆ ಎರಡು ಬೀದಿ ಸೇರಿಸಿದರೆ ಮತ್ತೊಂದು ಕಡೆ ಎರಡು ಬೀದಿ ಕೊರೆಯಾಗುತ್ತವೆ. ಕಂಬಳಿ ಗಿಡ್ಡವಾದ ಮನೆಯಲ್ಲಿ ಮಲಗಿದವರ ಪಾಡು, ತಲೆಗೆಳೆದರೆ ಕಾಲಿಗಿಲ್ಲ. ಗೆರೆ ಸಿದ್ಧವಾದ ಮೇಲೆ ಕರಡು ಅಧಿಸೂಚನೆ ಹೊರಡುತ್ತದೆ. ಜನರ ಆಕ್ಷೇಪಣೆಗಳಿಗೆ ಸುಮಾರು ಎರಡು ವಾರಗಳ ಅವಕಾಶ ದೊರೆಯುತ್ತದೆ. ಅವನ್ನು ಪರಿಶೀಲಿಸಿ ಅಂತಿಮ ಪಟ್ಟಿ. ಆಮೇಲೆ ಯಾವ ವಾರ್ಡು ಮಹಿಳೆಯರಿಗೆ, ಯಾವುದು ಪರಿಶಿಷ್ಟರಿಗೆ, ಯಾವುದು ಹಿಂದುಳಿದವರಿಗೆ ಎಂಬ ಮೀಸಲಾತಿಯ ಪಟ್ಟಿ ಬೇರೆ.

ಇಷ್ಟು ಸೂಕ್ಷ್ಮವಾದ ಕೆಲಸದಲ್ಲಿ ಆಸೆ ಸುಳಿಯದಿರುವುದುಂಟೆ? ಗೆರೆ ಎಳೆಯುವ ಪೆನ್ಸಿಲು ಅಧಿಕಾರದಲ್ಲಿರುವವರ ಕೈಗೆ ಸಮೀಪವಾಗಿಯೇ ಇರುತ್ತದೆ. 1812ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್‌ಬ್ರಿಜ್ ಗೆರಿ ಎಂಬವರು ತಮ್ಮ ಪಕ್ಷಕ್ಕೆ ಅನುಕೂಲವಾದ ಕ್ಷೇತ್ರವಿಂಗಡಣೆಯ ಮಸೂದೆಗೆ ಸಹಿ ಹಾಕಿದರು. ಅದರಲ್ಲಿ ಒಂದು ಕ್ಷೇತ್ರವು ಎಷ್ಟು ಸೊಟ್ಟಗಿತ್ತೆಂದರೆ, ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು, ಕೋರೆಹಲ್ಲುಗಳನ್ನು ಬರೆದು, ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹೆಸರಿಗೆ ಗೆರಿಯವರ ಹೆಸರನ್ನು ಕಸಿಮಾಡಿ 'ಗೆರಿಮ್ಯಾಂಡರ್' ಎಂದು ಕರೆಯಿತು. ಮರುವರ್ಷ ಗೆರಿಯವರು ದೇಶದ ಉಪಾಧ್ಯಕ್ಷರಾದರು. ಆದರೆ ಲೋಕ ಅವರನ್ನು ನೆನೆಯುವುದು ಆ ಪದವಿಯಿಂದಲ್ಲ, ಈ ಹಲ್ಲಿಯಿಂದ. ಎದುರಾಳಿಯ ಬೆಂಬಲಿಗರೆಲ್ಲರನ್ನೂ ಒಂದೇ ಕ್ಷೇತ್ರದಲ್ಲಿ ತುರುಕಿಬಿಡುವುದು ಒಂದು ಉಪಾಯ. ಎಲ್ಲ ಕ್ಷೇತ್ರಗಳಲ್ಲೂ ಚೆಲ್ಲಿ ಎಲ್ಲಿಯೂ ಗೆಲ್ಲದಂತೆ ಮಾಡುವುದು ಇನ್ನೊಂದು. ಎರಡರಲ್ಲಿಯೂ ಮತದಾರನು ಪ್ರತಿನಿಧಿಯನ್ನು ಆರಿಸುವುದಿಲ್ಲ. ಪ್ರತಿನಿಧಿಯೇ ಮತದಾರರನ್ನು ಆರಿಸಿಕೊಳ್ಳುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಅಧಿಕಾರದಲ್ಲಿ ಯಾವ ಪಕ್ಷವೇ ಇರಲಿ, ಹೊರಗಿರುವ ಪಕ್ಷವು ಈ ಗಾದೆಯನ್ನು ಹೇಳುತ್ತದೆ. ಒಳಗೆ ಬಂದ ಮೇಲೆ ಮರೆಯುತ್ತದೆ.

ಇನ್ನು ಬೆಂಗಳೂರಿನ ಇತ್ತೀಚಿನ ಪುರಾಣ. 2015ರ ಆಗಸ್ಟಿನಲ್ಲಿ ಆಯ್ಕೆಯಾಗಿದ್ದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಹೊಸ ಚುನಾವಣೆಗೆ ಮುನ್ನ ಗೆರೆಗಳನ್ನು ತಿದ್ದಬೇಕೆಂದು ನಿಶ್ಚಯವಾಯಿತು. 2022ರ ಜುಲೈನಲ್ಲಿ 243 ವಾರ್ಡುಗಳ ಅಂತಿಮ ಪಟ್ಟಿ ಹೊರಬಂತು. ಗೆರೆಯ ಜೊತೆಗೆ ಹೆಸರುಗಳೂ ಬದಲಾಗಿ, ಹಲವು ವಾರ್ಡುಗಳಿಗೆ ವೀರರ, ಮಹನೀಯರ ನಾಮಕರಣವಾಯಿತು. ತಾವಿರುವ ಬಡಾವಣೆಯ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ಕಾಣದೆ ಹಳಬರು ಕನ್ನಡಕ ಒರೆಸಿಕೊಂಡರು. ಸರ್ಕಾರ ಬದಲಾಯಿತು, ಗೆರೆಯೂ ಬದಲಾಯಿತು. 2023ರ ಸೆಪ್ಟೆಂಬರಿನಲ್ಲಿ 225 ವಾರ್ಡುಗಳ ಮತ್ತೊಂದು ಅಂತಿಮ ಪಟ್ಟಿ! ಅದೂ ಅಂತಿಮವಾಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದೇ ಪಾಲಿಕೆಯಿದ್ದ ಕಡೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರಪಾಲಿಕೆಗಳು ಬಂದುವು. ಅದೇ ನವೆಂಬರಿನಲ್ಲಿ ಐದಕ್ಕೂ ಸೇರಿ 369 ವಾರ್ಡುಗಳೆಂದು ಗೊತ್ತುಮಾಡಲಾಯಿತು. 198, 243, 225, 369; ಲೆಕ್ಕದ ಮೇಷ್ಟ್ರು ಮಕ್ಕಳಿಗೆ ಕೊಟ್ಟು 'ಮುಂದಿನ ಸಂಖ್ಯೆ ಯಾವುದು?' ಎಂದು ಕೇಳಬಹುದಾದ ಶ್ರೇಣಿ. ಇಷ್ಟೆಲ್ಲ ನಡೆದರೂ 2025ನೆಯ ಇಸವಿ ಮುಗಿಯುವವರೆಗೆ ಈ ಯಾವ ಗೆರೆಯೊಳಗೂ ಒಂದು ಮತ ಬೀಳಲಿಲ್ಲ. ಹಸೆಮಣೆಯನ್ನು ಮೂರು ಬಾರಿ ಹಾಕಿ ಮೂರು ಬಾರಿ ರಂಗೋಲಿ ಬರೆದರೂ ಮದುವೆಯ ಮುಹೂರ್ತ ಬರಲಿಲ್ಲ.

ಇದಕ್ಕಿಂತ ವಿಚಿತ್ರವಾದ ಸಂಗತಿ ಮತ್ತೊಂದಿದೆ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಕೊರೋನಾ ಪಿಡುಗಿನಿಂದಾಗಿ ನಡೆಯಲಿಲ್ಲ. ಆದ್ದರಿಂದ 2022ರ ಗೆರೆಗೂ, 2023ರ ಗೆರೆಗೂ, 2025ರ ಗೆರೆಗೂ ಆಧಾರವಾದದ್ದು 2011ರ ಎಣಿಕೆಯೇ. ಆ ಲೆಕ್ಕದಲ್ಲಿ 369ರಲ್ಲಿ ಒಂದೊಂದು ವಾರ್ಡಿಗೆ ಸರಾಸರಿ 23,000ದಷ್ಟು ಜನ. ಕಾಗದದ ಮೇಲೆ ತಕ್ಕಡಿ ಸಮವಾಗಿದೆ. ಆದರೆ 2011ರಿಂದೀಚೆಗೆ ಪೂರ್ವದ ಮಹದೇವಪುರ, ವೈಟ್‌ಫೀಲ್ಡುಗಳ ಕಡೆ ಎದ್ದ ಮನೆಗಳ ಸಾಲು ಆ ಲೆಕ್ಕದಲ್ಲಿ ಎಲ್ಲಿದೆ? ಅಂದು ತೊಟ್ಟಿಲಲ್ಲಿದ್ದ ಮಗುವಿನ ಅಳತೆಗೆ ಇಂದು ಹೈಸ್ಕೂಲು ಹುಡುಗನ ಅಂಗಿಯನ್ನು ಹೊಲಿದಂತಾಯಿತು. ದರ್ಜಿ ಹೊಸಬ, ಕತ್ತರಿ ಹೊಸದು, ಅಳತೆ ಮಾತ್ರ ಹಳೆಯದು.

ಈ ನಡುವೆ ಗೃಹಸ್ಥನು ಕಳೆದುಕೊಂಡದ್ದೇನು? ತನ್ನ ಮನೆಯ ಮುಂದೆ ರಾತ್ರಿ ದೀಪ ಉರಿಯದಿದ್ದರೆ ಹೋಗಿ ತಟ್ಟಬಹುದಾದ ಬಾಗಿಲನ್ನು. ಅಧಿಕಾರಿಗಳಿದ್ದಾರೆ, ನಿಜ, ದಕ್ಷರೂ ಇದ್ದಾರೆ. ಆದರೆ ಅಧಿಕಾರಿಗೆ ವರ್ಗವಾಗುತ್ತದೆ. ಅವನು ಮತ ಕೇಳಲು ಮತ್ತೆ ಆ ಬೀದಿಗೆ ಬರಬೇಕಾದವನಲ್ಲ. ಕೈಮುಗಿದು ಬಂದವನಿಗೆ 'ಹೋದ ಮಳೆಗಾಲದಲ್ಲಿ ನಮ್ಮ ನಡುಮನೆಗೆ ನೀರು ನುಗ್ಗಿದಾಗ ಎಲ್ಲಿದ್ದಿರಿ?' ಎಂದು ಹೊಸಿಲ ಮೇಲೆ ನಿಂತು ಕೇಳಬಲ್ಲ ಗೃಹಿಣಿಯ ಆ ಒಂದು ಪ್ರಶ್ನೆಗೆ ಸಮನಾದ ಕಡತ ಯಾವ ಕಚೇರಿಯಲ್ಲಿಯೂ ಇಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಾಡಳಿತಕ್ಕೆ ಐದು ವರ್ಷದ ಅವಧಿಯನ್ನು ಗೊತ್ತುಮಾಡಿ, ಅದು ಮುಗಿಯುವ ಮುನ್ನವೇ ಮರುಚುನಾವಣೆಯಾಗಬೇಕೆಂದು ಹೇಳಿದ್ದು ಈ ಪ್ರಶ್ನೆಯ ಹಕ್ಕು ತಪ್ಪಿಹೋಗದಿರಲೆಂದೇ. ಗೆರೆ ತಿದ್ದುವುದು ಆ ಹಕ್ಕಿಗೆ ಸಾಧನ. ಹಕ್ಕನ್ನು ಮುಂದೂಡುವುದಕ್ಕೆ ನೆಪವಲ್ಲ.

ಪೌರರ ಪಾಲಿನ ಕರ್ತವ್ಯವನ್ನೂ ಹೇಳದೆ ಬಿಡುವಂತಿಲ್ಲ. ಕ್ಷೇತ್ರವಿಂಗಡಣೆಯ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಸಂವಿಧಾನವೇ ತಡೆ ಒಡ್ಡಿದೆ. ಹೀಗಿರುವಾಗ ಆ ಎರಡು ವಾರಗಳ ಆಕ್ಷೇಪಣೆಯ ಅವಧಿಗೆ ಬಂಗಾರದ ಬೆಲೆ. ಆದರೆ ಸಾಮಾನ್ಯವಾಗಿ ಕರಡು ಪಟ್ಟಿಯನ್ನು ಭೂತಗನ್ನಡಿ ಹಿಡಿದು ಓದುವವರು ಸ್ಪರ್ಧಿಸಬೇಕೆಂದಿರುವವರು ಮಾತ್ರ. ಆ ಪಟ್ಟಿ ಅಷ್ಟೇನೂ ಕಠಿಣವಲ್ಲ: ಉತ್ತರಕ್ಕೆ ಇಂಥ ರಸ್ತೆ, ಪೂರ್ವಕ್ಕೆ ಇಂಥ ಕಾಲುವೆ ಎಂದು ಹಳೆಯ ಕ್ರಯಪತ್ರದ ಚೆಕ್ಕುಬಂದಿಯಂತೆಯೇ ಬರೆದಿರುತ್ತದೆ. ಸ್ವಂತ ನಿವೇಶನದ ಚೆಕ್ಕುಬಂದಿಯಲ್ಲಿ ಅರ್ಧ ಅಡಿ ಹೆಚ್ಚುಕಡಿಮೆಯಾದರೆ ನಿದ್ರೆಗೆಡುವವರು, ವಾರ್ಡಿನ ಚೆಕ್ಕುಬಂದಿಯಲ್ಲಿ ತಮ್ಮ ಬೀದಿಯೇ ಎರಡು ಹೋಳಾದರೂ ಪುಟ ತಿರುವಿಹಾಕುತ್ತಾರೆ. ಬಡಾವಣೆ ಒಡೆದಿದೆಯೆ, ಒಂದೇ ಕೆರೆಯ ದಂಡೆ ಮೂವರ ಪಾಲಾಗಿದೆಯೆ, ಮಕ್ಕಳ ಶಾಲೆ ಒಂದು ಕಡೆ, ಶಾಲೆಯ ದಾರಿ ಇನ್ನೊಂದು ಕಡೆ ಆಗಿದೆಯೆ ಎಂದು ಅಕ್ಕಪಕ್ಕದವರು ಒಂದು ಸಂಜೆ ಕೂತು ನೋಡಿ, ಒಂದು ಅರ್ಜಿ ಬರೆದು ಎಲ್ಲರೂ ಸಹಿ ಹಾಕಬಹುದು. ಅರ್ಜಿಗಳೆಲ್ಲ ಫಲಿಸುವುದಿಲ್ಲ, ಆದರೆ ಬರೆಯದ ಅರ್ಜಿ ಎಂದೂ ಫಲಿಸಿದ್ದಿಲ್ಲ.

ಒಳ್ಳೆಯ ಎಲ್ಲೆಯ ಲಕ್ಷಣ ಸರಳವಾದದ್ದು. ಅದು ಜನರನ್ನು ಎಣಿಸಿ ಎಳೆದದ್ದಾಗಿರಬೇಕು, ಮತಗಳನ್ನು ಎಣಿಸಿ ಅಲ್ಲ. ಇತ್ತೀಚಿನ ಗಣತಿಯ ನಂತರ ಒಮ್ಮೆ ಬದಲಾಗಬೇಕು, ಪ್ರತಿ ಸರ್ಕಾರದ ನಂತರ ಅಲ್ಲ. 'ನಿಮ್ಮ ವಾರ್ಡು ಯಾವುದು?' ಎಂದು ಕೇಳಿದರೆ, ತರಕಾರಿಯ ಚೀಲ ಹಿಡಿದು ಹೊರಟ ಗೃಹಿಣಿಯೂ ಪಿಂಚಣಿಗೆ ಹೊರಟ ವೃದ್ಧರೂ ತಡೆಯದೆ ಉತ್ತರ ಹೇಳುವಂತಿರಬೇಕು. ನೇಗಿಲಿನ ಗೆರೆಯ ಮೇಲೆ ಊರು ಹುಟ್ಟಿದ್ದು ಅದರ ಇಕ್ಕೆಲಗಳಲ್ಲಿ ಜನ ಬಂದು ಮನೆ ಕಟ್ಟಿದುದರಿಂದ. ಪೆನ್ಸಿಲಿನ ಗೆರೆಗೂ ಜೀವ ಬರುವುದು ಅದರ ಇಕ್ಕೆಲಗಳ ಜನ ಮತಗಟ್ಟೆಯ ಮುಂದೆ ಸಾಲಾಗಿ ನಿಂತ ದಿನವೇ.