ನೈರೋಬಿಯ ಬಾಗಿಲಲ್ಲೇ ಸಿಂಹ

ಬೆಳಗಿನ ಆರು ಗಂಟೆ. ಭೂಮಧ್ಯರೇಖೆಯ ಹತ್ತಿರವೇ ಇದ್ದರೂ ಮೈ ನಡುಗಿಸುವ ಚಳಿ. ಊರು ಸಮುದ್ರಮಟ್ಟದಿಂದ 1,600 ಮೀಟರಿಗೂ ಎತ್ತರದಲ್ಲಿದೆಯಲ್ಲ! ಮುಖ್ಯದ್ವಾರ ದಾಟಿದ ವ್ಯಾನು ಮರಗಳ ನಡುವಿನಿಂದ ಹುಲ್ಲುಗಾವಲಿಗೆ ಇಳಿಯುತ್ತದೆ. ಜಾಲಿಮರದ ತುದಿಯ ಚಿಗುರನ್ನು ಜಿರಾಫೆಯೊಂದು ನಿಧಾನವಾಗಿ ಮೇಯುತ್ತಿದೆ. ಅದರ ಉದ್ದ ಕತ್ತಿನ ಹಿಂದೆ ಮಂಜಿನೊಳಗಿಂದ ಒಂದೊಂದಾಗಿ ಮೂಡುತ್ತವೆ - ಬಹುಮಹಡಿ ಕಟ್ಟಡಗಳು.

ಇದು ಕೀನ್ಯಾದ ನೈರೋಬಿ ರಾಷ್ಟ್ರೀಯ ಉದ್ಯಾನ. ರಾಜಧಾನಿಯ ನಡುಭಾಗದಿಂದ ಕೇವಲ 7 ಕಿ.ಮೀ. ದೂರ. 1946ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ಇದು ಆ ದೇಶದ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ. ವಿಸ್ತೀರ್ಣ 117 ಚದರ ಕಿ.ಮೀ. ಮಾತ್ರ. ಇಷ್ಟು ಪುಟ್ಟ ಜಾಗದಲ್ಲಿ ಸಿಂಹ, ಚಿರತೆ, ಕಾಡೆಮ್ಮೆ, ಜೀಬ್ರಾ, ಉಷ್ಟ್ರಪಕ್ಷಿ ಎಲ್ಲವೂ ಇವೆ. ಹಕ್ಕಿಗಳಲ್ಲೇ 400ಕ್ಕೂ ಹೆಚ್ಚು ಬಗೆ. ಅಳಿವಿನ ಅಂಚಿನಲ್ಲಿರುವ ಕಪ್ಪು ಘೇಂಡಾಮೃಗಗಳಿಗಂತೂ ಇದು ತವರು; ಇಲ್ಲಿ ಹುಟ್ಟಿ ಬೆಳೆದವನ್ನು ಬೇರೆ ಉದ್ಯಾನಗಳಿಗೂ ಒಯ್ದು ಬಿಡಲಾಗಿದೆ. ಆನೆ ಮಾತ್ರ ಇಲ್ಲ. ಆದರೆ ಉದ್ಯಾನದ ಅಂಚಿನಲ್ಲಿ ತಾಯಿ ಕಳೆದುಕೊಂಡ ಆನೆಮರಿಗಳನ್ನು ಸಾಕುವ ಶೆಲ್ಡ್ರಿಕ್ ಕೇಂದ್ರವಿದೆ. ಮರಿಗಳು ಬಾಟಲಿಯಲ್ಲಿ ಹಾಲು ಕುಡಿಯುವುದನ್ನು ಮುಂಗಡ ಕಾಯ್ದಿರಿಸಿದವರು ನೋಡಬಹುದು.

ಸಫಾರಿಯಲ್ಲಿ ವಾಹನದಿಂದ ಇಳಿಯುವಂತಿಲ್ಲ. ನೀರ್ಗುದುರೆಗಳ ಮಡುವಿನ ಬಳಿ ಮಾತ್ರ ಬಂದೂಕು ಹಿಡಿದ ಕಾವಲುಗಾರರೊಡನೆ ನದಿಯ ದಂಡೆಯಲ್ಲಿ ನಡೆಯಬಹುದು. ಇನ್ನೊಂದೆಡೆ ಸ್ಮಾರಕವೊಂದಿದೆ. 1989ರ ಜುಲೈನಲ್ಲಿ ಆಗಿನ ಅಧ್ಯಕ್ಷ ಡೇನಿಯಲ್ ಅರಪ್ ಮೋಯಿ ಕಳ್ಳಬೇಟೆಗಾರರಿಂದ ವಶಪಡಿಸಿಕೊಂಡ 12 ಟನ್ ದಂತಕ್ಕೆ ಇಲ್ಲಿ ಬೆಂಕಿಯಿಟ್ಟರು. ದಂತಕ್ಕೆ ಬೆಲೆ ಇರುವುದು ಆನೆಯ ಮೈಮೇಲೆ ಮಾತ್ರ ಎಂದು ಲೋಕಕ್ಕೆ ಸಾರಿದ ಬೆಂಕಿ ಅದು. 2016ರಲ್ಲಿ 105 ಟನ್ ದಂತ ಮತ್ತೆ ಇಲ್ಲೇ ಬೂದಿಯಾಯಿತು.

ನೈರೋಬಿ ಊರಿಗೂ ನಮಗೂ ಹಳೆಯ ನಂಟು. ಮೊಂಬಾಸಾದಿಂದ ಹೊರಟ ರೈಲುಹಾದಿಗೆ 1896ರಿಂದ ಭಾರತದ ಕೂಲಿಕಾರರು 30 ಸಾವಿರಕ್ಕೂ ಹೆಚ್ಚು ಮಂದಿ ದುಡಿದರು. 1898ರಲ್ಲಿ ತ್ಸಾವೋದಲ್ಲಿ ಎರಡು ನರಭಕ್ಷಕ ಸಿಂಹಗಳಿಗೆ ಅವರಲ್ಲಿ ಹಲವರು ಬಲಿಯಾದರು. ಮರುವರ್ಷ ಆ ಹಾದಿಯ ಮೇಲೆ ಹುಟ್ಟಿದ ರೈಲು ಠಾಣೆಯೇ ನೈರೋಬಿ. 2019ರಲ್ಲಿ ಹೊಸ ರೈಲುಹಾದಿ ಉದ್ಯಾನದ ಮೇಲೆಯೇ ಬಂತು. ಸುಮಾರು 6 ಕಿ.ಮೀ. ಉದ್ದದ ಸೇತುವೆಯ ಮೇಲೆ ರೈಲು ಓಡುತ್ತದೆ. ಕೆಳಗೆ ಕಂಬಗಳ ನಡುವೆ ಪ್ರಾಣಿಗಳು ಓಡಾಡುತ್ತವೆ.

ಆದರೆ ಉದ್ಯಾನದ ನಿಜವಾದ ಚಿಂತೆ ದಕ್ಷಿಣ ದಿಕ್ಕಿನದು. ಮೂರು ಕಡೆ ವಿದ್ಯುತ್ ಬೇಲಿ. ದಕ್ಷಿಣಕ್ಕೆ ನದಿ, ಅದರಾಚೆ ಮಸಾಯಿ ದನಗಾಹಿಗಳ ಹುಲ್ಲುಗಾವಲು. ಮಳೆಗಾಲದಲ್ಲಿ ವೈಲ್ಡ್‌ಬೀಸ್ಟ್, ಜೀಬ್ರಾಗಳು ಅತ್ತ ಹೋಗಿ, ಬೇಸಿಗೆಯಲ್ಲಿ ನೀರಿಗಾಗಿ ಮರಳುತ್ತಿದ್ದವು. ಈಗ ಆ ಬಯಲಿನಲ್ಲಿ ನಿವೇಶನ, ಕಾರ್ಖಾನೆ, ಬೇಲಿಗಳು ಎದ್ದಿವೆ. ದಾರಿ ಕಿರಿದಾದಷ್ಟೂ ಸಿಂಹ ಕೊಟ್ಟಿಗೆಗೆ ಹತ್ತಿರವಾಗುತ್ತದೆ. 2012ರ ಜೂನಿನಲ್ಲಿ ಕಿಟೆಂಗೆಲಾ ಬಳಿ ಜಾನುವಾರು ಕೊಂದ ಆರು ಸಿಂಹಗಳನ್ನು ರೊಚ್ಚಿಗೆದ್ದ ಜನ ಕೊಂದುಹಾಕಿದರು. ಹಸುವೇ ಬದುಕಾಗಿರುವವರನ್ನು ಬರೀ ದೂರಿದರೆ ಸಾಕೆ?

ಈ ಪ್ರಶ್ನೆಗೆ ಅದೇ ಬಯಲಿನ ಹುಡುಗನೊಬ್ಬ ಉತ್ತರ ಹುಡುಕಿದ್ದ. ಅಪ್ಪನ ದನ ಕಾಯುತ್ತಿದ್ದ ರಿಚರ್ಡ್ ತುರೆರೆ ಸಿಂಹ ಓಡಿಸಲು ಮೊದಲು ಬೆಂಕಿ ಹಾಕಿ ನೋಡಿದ. ಅದರ ಬೆಳಕಿನಲ್ಲಿ ಸಿಂಹಕ್ಕೆ ಕೊಟ್ಟಿಗೆ ಇನ್ನೂ ಚೆನ್ನಾಗಿ ಕಂಡಿತು! ಬೆದರುಬೊಂಬೆ ನಿಲ್ಲಿಸಿದ, ಮೊದಲ ದಿನ ಹಿಂದಿರುಗಿದ ಸಿಂಹ ಮರುದಿನ ಮೋಸಹೋಗಲಿಲ್ಲ. ಒಂದು ರಾತ್ರಿ ಟಾರ್ಚು ಹಿಡಿದು ಸುತ್ತಾಡುತ್ತಿದ್ದಾಗ ಸಿಂಹ ಬರಲೇ ಇಲ್ಲ. ಚಲಿಸುವ ಬೆಳಕಿಗೆ ಅದು ಅಂಜುತ್ತದೆಂದು ಹುಡುಗನಿಗೆ ಹೊಳೆಯಿತು. ಹಳೆಯ ಕಾರಿನ ಬ್ಯಾಟರಿ, ಸೌರಫಲಕ, ಮೋಟಾರ್‌ಸೈಕಲ್ಲಿನ ಇಂಡಿಕೇಟರ್ ಪೆಟ್ಟಿಗೆ, ಕೆಟ್ಟ ಟಾರ್ಚುಗಳ ಬಲ್ಬು - ಇಷ್ಟರಿಂದಲೇ ಮಿನುಗುವ ದೀಪಗಳ ಸಾಲು ಕಟ್ಟಿದ. ಕೊಟ್ಟಿಗೆ ಉಳಿಯಿತು, ಸಿಂಹವೂ ಉಳಿಯಿತು. ನೆರೆಯವರೂ ಅದನ್ನೇ ಬಯಸಿದರು. 2013ರಲ್ಲಿ ಅಮೆರಿಕದ ಟೆಡ್ ವೇದಿಕೆಯಲ್ಲಿ ಹದಿಮೂರರ ಆ ಪೋರ ತನ್ನ ಕಥೆ ಹೇಳಿದ. ವಿದ್ಯುತ್ ಕೆಲಸ ಕಲಿಯಲು ಅಮ್ಮನ ಹೊಸ ರೇಡಿಯೋ ಬಿಚ್ಚಿಹಾಕಿದ್ದನ್ನೂ ಒಪ್ಪಿಕೊಂಡ!

ಹೋಗುವವರಿಗೆ ಎರಡು ಮಾತು. ಮುಂಬಯಿಯಿಂದ ನೇರ ವಿಮಾನದಲ್ಲಿ ಸುಮಾರು ಆರು ಗಂಟೆಯ ಪಯಣ. ಹೊರಡುವ ಮೊದಲೇ ಆನ್‌ಲೈನಿನಲ್ಲಿ ಪ್ರವೇಶ ಅನುಮತಿ ಪಡೆಯಬೇಕು. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಳ್ಳಿ. ಮರಳಿ ಬರುವಾಗ ಇಲ್ಲಿ ಅದರ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ಜುಲೈನಿಂದ ಸೆಪ್ಟೆಂಬರಿನವರೆಗೆ ಒಣಹವೆ, ಹುಲ್ಲು ಗಿಡ್ಡ, ಪ್ರಾಣಿಗಳು ಸುಲಭವಾಗಿ ಕಾಣುತ್ತವೆ.

ಹೋಗಲಾಗದಿದ್ದರೂ ಚಿಂತೆಯಿಲ್ಲ. ಮನೆಯಲ್ಲಿ ಮಕ್ಕಳು ರೇಡಿಯೋ ಬಿಚ್ಚಿ ಕೂತಾಗ ಗದರುವ ಮೊದಲು, ಕಿಟೆಂಗೆಲಾದ ಆ ಮಿನುಗುದೀಪಗಳನ್ನೊಮ್ಮೆ ನೆನೆಯಿರಿ.