ಎಲೆತೋಟದ ನೆರಳು

ಇಂಗಳೇಶ್ವರದಿಂದ ಓದಲೆಂದು ಮೈಸೂರಿಗೆ ಹೋಗಿದ್ದ ನಾವು ಗೆಳೆಯರು ಜಾತ್ರೆಗೆ ಊರಲ್ಲಿ ಸೇರಿ, ವಚನ ಶಿಲಾಮಂಟಪದ ಹತ್ತಿರ ಕೂತರೆ ಸಾಕು, ಮಾತು ಎಲೆತೋಟಕ್ಕೆ ಹೊರಳುತ್ತದೆ. ಅರಮನೆ, ದಸರಾ ಎಲ್ಲ ಆಮೇಲೆ.

ಅಗ್ರಹಾರದ ಪೂರ್ಣಯ್ಯ ಛತ್ರದಿಂದ ನಂಜನಗೂಡು ರಸ್ತೆಯ ವಿದ್ಯಾರಣ್ಯಪುರಂವರೆಗೆ ಹಬ್ಬಿದ್ದ ವೀಳ್ಯದೆಲೆ ತೋಟಗಳವು. ಅರಸರ ತೋಟದಲ್ಲಿ ಶುರುವಾದ ಬೆಳೆ ಅಲ್ಲಿ 100 ಎಕರೆ ದಾಟಿತ್ತಂತೆ. ನಾವು ಕಂಡದ್ದು ಅದರ ಉಳಿಕೆ.

ಎರೆಹೊಲದಲ್ಲಿ ಜೋಳ, ಕುಸುಬಿ, ತೊಗರಿ ನೋಡಿ ಬೆಳೆದವರಿಗೆ ಪೇಟೆಯ ನಡುವಿನ ಆ ನೆರಳೇ ಸೋಜಿಗ. ಆಸರೆಯ ಮರಗಳಿಗೆ ಹಬ್ಬಿದ ಬಳ್ಳಿ, ಸಾಲಿನ ನಡುವೆ ನೀರು, ಕಾಲಿಟ್ಟೊಡನೆ ಮೂಗಿಗೆ ಹಸಿ ಎಲೆಯ ಘಾಟು. 'ಇಲ್ಲಿ ಬ್ಯಾಸಗಿ ಬರೂದ ಇಲ್ಲೇನಲೇ?' ಎಂದು ನಮ್ಮಲ್ಲೊಬ್ಬ ಕೇಳಿದ್ದ. ಪರೀಕ್ಷೆ ಬಂತೆಂದರೆ ಬದುವಿನ ಮೇಲೆ ನಮ್ಮ ಓದು. ಏಣಿ ಏರಿ, ಹೆಬ್ಬೆರಳಿಗೆ ಕಬ್ಬಿಣದ ಉಗುರು ತೊಟ್ಟು ಎಲೆ ಕೊಯ್ಯುತ್ತಿದ್ದ ತೋಟದಜ್ಜ, 'ಓದ್ಕೊಳ್ರಪ್ಪ, ಬಳ್ಳಿ ಮಾತ್ರ ಮುಟ್ಬ್ಯಾಡಿ' ಅನ್ನುತ್ತಿದ್ದ. ರಜೆಗೆ ಹೊರಟಾಗ ಒದ್ದೆ ಬಾಳೆಎಲೆಯಲ್ಲಿ ಚಿಗುರೆಲೆ ಸುತ್ತಿ ಕೊಡುತ್ತಿದ್ದವನೂ ಅವನೇ. ಖಾರದ ಎಲೆ ಜಗಿದು ರೂಢಿಯಾದ ನಮ್ಮವ್ವ ಅದನ್ನು ಬಾಯಿಗಿಟ್ಟು, 'ಬೆಣ್ಣಿ ಕರಗಿಧಂಗ ಕರಗತೈತಲ್ಲೋ' ಎಂದಿದ್ದಳು. ಓಣಿಗೆಲ್ಲ ಎರಡೆರಡು ಎಲೆ ಹಂಚಿದಳು.

ತೋಟದ ಪಕ್ಕದ ಪೂರ್ಣಯ್ಯ ನಾಲೆಯ ಕಥೆಯನ್ನೂ ಅಜ್ಜನೇ ಹೇಳಿದ್ದು. ಕಾವೇರಿ ನೀರನ್ನು ಮೈಸೂರಿಗೆ ತರಲು ದಿವಾನ್ ಪೂರ್ಣಯ್ಯ ತೋಡಿಸಿದ ಕಾಲುವೆ ಅದು. ಅಂದುಕೊಂಡಂತೆ ಕೆಲಸ ಮುಗಿಯಲಿಲ್ಲ. ಊರು ಬೆಳೆದಂತೆ ಅದರಲ್ಲಿ ಚರಂಡಿಯ ನೀರು ಸೇರಿತು. ಎಲೆಬಳ್ಳಿಯೋ ಕೂಸಿನಷ್ಟೇ ಆರೈಕೆ ಬೇಡುವಂಥದು: ದಿನವೂ ತೇವ, ನೆರಳು, ಬಳ್ಳಿ ಕಟ್ಟುವ ಕೈ. ಸೈಟಿನ ಬೆಲೆ ಏರುತ್ತಿರುವಾಗ ಆ ದುಡಿಮೆಗೆ ತೋಟದವರ ಮಕ್ಕಳು ನಿಲ್ಲಲಿಲ್ಲವೆಂದು ಅವರನ್ನು ದೂರಲು ನನಗೆ ಮನಸ್ಸಿಲ್ಲ. ತೋಟವಿದ್ದಲ್ಲಿ ಮನೆಗಳು, ಅಂಗಡಿಗಳು ಎದ್ದವು. 2005-06ರಲ್ಲಿ ಮೈಸೂರು ವೀಳ್ಯದೆಲೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದಾಗ ಊರಲ್ಲಿ ಪೇಪರು ಓದಿ ನಮ್ಮದೇ ಬೆಳೆಯೆಂಬಂತೆ ಹಿಗ್ಗಿದೆವು.

ಆದರೆ ಹೆಸರಿಗೆ ಸಿಕ್ಕ ಕಾವಲು ನೆಲಕ್ಕೆ ಸಿಗಲಿಲ್ಲ. ಇದು ನಮ್ಮೆಲ್ಲರ ಸಂಕಟ. ಉಳಿದಿರುವ ಸಾಲುಗಳಿಗಾದರೂ ನಗರ ಒಳ್ಳೆಯ ನೀರು ಕೊಡಲಿ, ಬೆಳೆಯುವವರಿಗೆ ತಕ್ಕ ಬೆಲೆ ಸಿಗಲಿ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಬದುವಿನ ಮೇಲೆ ಕೂರಿಸಬೇಕೆಂದು ನಾವು ಮಾತಾಡಿಕೊಂಡಿದ್ದೇವೆ.