ಹೊಗೆ ಕಂಡಲ್ಲಿ ಬೆಂಕಿ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ತಿಳಿಯಬೇಕೆಂಬುದು ನಮ್ಮ ತರ್ಕಶಾಸ್ತ್ರದ ಹಳೆಯ ಉದಾಹರಣೆ. ಅದು ನನಗೆ ಮನದಟ್ಟಾದುದು ಗ್ರಂಥದಿಂದಲ್ಲ, ಒಬ್ಬ ಸಹಪಾಠಿಯಿಂದ.

ಆಗ ನಾನು ಹತ್ತನೆಯ ತರಗತಿಯ ನಾಯಕನಾಗಿದ್ದೆನು. ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಗೆಳೆಯನ ಅಂಗಿಯಿಂದ ಸಿಗರೇಟಿನ ವಾಸನೆ ಬರತೊಡಗಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನು ಗಣಿತದಲ್ಲಿ ತೇರ್ಗಡೆಯಾಗಿರಲಿಲ್ಲ. ಆಟಕ್ಕೆ ಬರುವುದನ್ನು ಬಿಟ್ಟಿದ್ದನು, ಮಾತೂ ಕಡಮೆಯಾಗಿತ್ತು. ಇವೆಲ್ಲವನ್ನೂ ಕಂಡೆನಾದರೂ ಹೊಗೆಯೊಂದನ್ನೇ ಲೆಕ್ಕಕ್ಕೆ ಹಿಡಿದೆನು. ಕರ್ತವ್ಯವೆಂದು ಬಗೆದು ಉಪಾಧ್ಯಾಯರಿಗೆ ದೂರಿತ್ತೆನು. ಅವನಿಗೆ ದಂಡನೆಯಾಯಿತು, ನನಗೆ ಮೆಚ್ಚುಗೆ ದೊರೆಯಿತು.

ಮೂರು ದಿನ ಅವನು ಶಾಲೆಗೆ ಬರಲಿಲ್ಲ. ಹುಡುಕಿಕೊಂಡು ಹೋದಾಗ ಮರೀನಾದ ಮರಳಿನ ಮೇಲೆ ಒಬ್ಬನೇ ಕುಳಿತಿದ್ದನು. “ನಿನ್ನ ಮೇಲೆ ಕೋಪವಿಲ್ಲ ಕಣೋ. ನಾನಿಲ್ಲದಿದ್ದರೆ ಮನೆಯವರಾದರೂ ನೆಮ್ಮದಿಯಾಗಿರುತ್ತಾರೆ” ಎಂದನು. ನನಗೆ ಉತ್ತರ ತೋಚಲಿಲ್ಲ. ಕೈಹಿಡಿದು ಮನೆಗೆ ಕರೆದೊಯ್ದು, ಅವನ ಸೋದರಮಾವನಿಗೆ ಎಲ್ಲವನ್ನೂ ತಿಳಿಸಿದೆನು. ಅವರು ಗದರಲಿಲ್ಲ; ಇರುಳೆಲ್ಲ ಅವನ ಮಾತು ಕೇಳಿ, ಮರುದಿನ ವೈದ್ಯರಲ್ಲಿಗೆ ಕರೆದೊಯ್ದರು. ಇಂದು ಅವನು ಇಬ್ಬರು ಮಕ್ಕಳ ತಂದೆ.

ತಂಬಾಕು ಸೇವಿಸುವ ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಇತರರಿಗಿಂತ ಹೆಚ್ಚಾಗಿ ಕಂಡುಬರುವುದೆಂದು ಹಲವು ದೇಶಗಳ ಸಮೀಕ್ಷೆಗಳು ತೋರಿಸಿವೆ. ಸಿಗರೇಟೇ ಅದಕ್ಕೆ ಕಾರಣವೆನ್ನಲಾಗದು. ಭಯ, ಖಿನ್ನತೆ, ಒಂಟಿತನಗಳು ಎರಡಕ್ಕೂ ಮೂಲವಾಗಿರಬಹುದು. ಆದರೆ ಹೊಗೆಯಿಂದ ದುಃಖ ಶಮನವಾಗುವುದೆಂಬುದು ಭ್ರಮೆ. ನಿಕೋಟಿನ್ ಕೆಲವೇ ಕ್ಷಣಗಳಲ್ಲಿ ಮೆದುಳನ್ನು ಸೇರಿ ಹಾಯೆನಿಸುತ್ತದೆ. ಅದರ ಪ್ರಭಾವ ಇಳಿದೊಡನೆ ಚಡಪಡಿಕೆ, ಸಿಡುಕು ತಲೆದೋರುತ್ತವೆ. ಮತ್ತೊಂದು ಸಿಗರೇಟು ನೀಗುವುದು ಮೊದಲನೆಯದು ತಂದ ಚಡಪಡಿಕೆಯನ್ನು ಮಾತ್ರ. ಹಳೆಯ ದುಃಖ ಇದ್ದಲ್ಲಿಯೇ ಇರುತ್ತದೆ.

2003ರ ಕಾನೂನು 18 ವರ್ಷ ತುಂಬದವರಿಗೆ ತಂಬಾಕು ಮಾರುವುದನ್ನೂ, ವಿದ್ಯಾಸಂಸ್ಥೆಗಳ ಸುತ್ತ 100 ಗಜದೊಳಗೆ ಅದರ ಮಾರಾಟವನ್ನೂ ನಿಷೇಧಿಸಿದೆ. ಕಾನೂನು ಅಂಗಡಿಯನ್ನು ದೂರವಿರಿಸಬಲ್ಲುದು. ಒಂಟಿತನವನ್ನು ದೂರಮಾಡಲು ಮನುಷ್ಯರೇ ಬೇಕು. ಈ ಸತ್ಯವನ್ನರಿತು ಡಾ. ಲಕ್ಷ್ಮಿ ವಿಜಯಕುಮಾರ್ ಅವರು 1986ರಲ್ಲಿ ನಮ್ಮ ಚೆನ್ನೈಯಲ್ಲಿಯೇ ‘ಸ್ನೇಹಾ’ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿನ ಸ್ವಯಂಸೇವಕರು ಮುಖ್ಯವಾಗಿ ಮಾಡುವುದು ನೊಂದವರ ಮಾತನ್ನು ತಾಳ್ಮೆಯಿಂದ ಆಲಿಸುವುದು. ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯಲ್ಲಿ 14416 ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ ನೆರವು ದೊರೆಯುತ್ತದೆ.

ವಿದ್ಯಾರ್ಥಿಮಿತ್ರರೇ, ಗೆಳೆಯನ ಅಂಗಿಯಲ್ಲಿ ಆ ವಾಸನೆ ಬಂದರೆ ದೂರು ಒಯ್ಯುವ ಮೊದಲು ಅವನ ಬಳಿ ಕುಳಿತು “ಏನಾಗಿದೆ?” ಎಂದು ಕೇಳಿರಿ. ಬದುಕು ಬೇಡವೆಂಬ ಮಾತು ಅವನ ಬಾಯಿಂದ ಬಂದರೆ ಗುಟ್ಟೆಂದು ಬಚ್ಚಿಡಬೇಡಿರಿ. ಅವನನ್ನು ಒಂಟಿಯಾಗಿ ಬಿಡದೆ, ನಂಬಿಕೆಯ ಹಿರಿಯರಿಗೆ ಕೂಡಲೇ ತಿಳಿಸಿರಿ. ನಾನು ಮೊದಲ ಸಲ ಹೇಳಿದುದು ಚಾಡಿ; ಎರಡನೆಯ ಸಲ ಹೇಳಿದುದು ಗೆಳೆತನ. ಇವೆರಡರ ಅಂತರವನ್ನು ನಾನು ಮೂರು ದಿನ ತಡವಾಗಿ ಕಲಿತೆನು. ನೀವು ಅಷ್ಟು ತಡಮಾಡದಿರಿ.